ಹೊಸ ಕೋವಿಯ ಮೊದಲ ಗುಂಡು

ಐದನೆಯ ಗುಂಡೂ ತಗಡಿಗೆ ತಾಗಲಿಲ್ಲ.

ಶಂಕರಮ್ಮ ಏರ್ ಗನ್ ಕೆಳಗಿಳಿಸಿ ಎದುರಿನ ಮಣ್ಣಿನ ದಿಬ್ಬವನ್ನು ನೋಡಿದಳು. ಅಲ್ಲಿ ಒರಗಿಸಿಟ್ಟಿದ್ದ ಎಣ್ಣೆ ಡಬ್ಬಿಯ ಮುಚ್ಚಳ ಇಟ್ಟ ಹಾಗೇ ಇತ್ತು. ಒಂದು ಗುಂಡು ಅದಕ್ಕಿಂತ ಮೊಳದಷ್ಟು ಮೇಲೆ ಹೊಕ್ಕಿತ್ತು, ಮತ್ತೊಂದು ಎಡಕ್ಕೆ, ಉಳಿದವು ಎಲ್ಲಿ ಹೋದವೋ ದಿಬ್ಬಕ್ಕೇ ಗೊತ್ತು. ನಳಿಗೆಯ ಬಾಯಿಂದ ಬೀಡಿಯ ಹೊಗೆಯಂಥ ನೀಲಿ ಹೊಗೆ ಸಣ್ಣಗೆ ಏಳುತ್ತಿತ್ತು.

"ಇಪ್ಪತ್ತೊಂಬತ್ತು ವರ್ಷ ಪೊಲೀಸ್ನಲ್ಲಿದ್ದೆ ಅಂತ ಯಾರ ಮುಂದೂ ಏಳ್ಬ್ಯಾಡ ಇನ್ನು" ಎಂದ ಗಂಡ ಶಿವನಂಜಯ್ಯ. ಅವನು ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿ ನಿವೃತ್ತನಾದವನು. ಬಂಡೆಯ ನೆರಳಿನಲ್ಲಿ ಕುಳಿತು ಕಡ್ಲೆಕಾಯಿ ಬಿಡಿಸುತ್ತಿದ್ದ.

ಶಂಕರಮ್ಮ ನಳಿಗೆಯ ಬಳಿ ಮೂಗು ತಂದು ಮೂಸಿದಳು. ಸುಟ್ಟ ಹರಳೆಣ್ಣೆಯ ವಾಸನೆ. ಬಾಣಂತಿ ಕೋಣೆಯ ದೀಪ ಆರಿಸಿದಾಗ ಬರುತ್ತದಲ್ಲ, ಅದೇ. ಅವಳಿಗೆ ಬೇಕಾಗಿದ್ದದ್ದು ಇದು. ತಗಡಿಗೆ ಹೊಡೆಯುವುದಲ್ಲ.

ವಿಜಯದಶಮಿಯ ಬೆಳಗ್ಗೆ ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಹೊಸ ಸೀರೆಗೆ ಹಾಸಿನ ಎಳೆಗಳನ್ನು ಎಳೆಯುತ್ತಿದ್ದ ನೇಯ್ಗೆಯ ಹುಡುಗಿ ಅಂಜನಾಳ ಎಡಗಣ್ಣಿಗೆ ಸೀಸದ ಗುಂಡು ಬಡಿದಿತ್ತು. ಬೀದಿಗೆ ಅಂಟಿದ ಸಪೋಟ ತೋಟದ ಕಾವಲುಗಾರ, ಸೋಲಿಗರ ಜಡಯ್ಯ, ಅವನ ಹಳೆಯ ಏರ್ ಗನ್ ಸಮೇತ ಲಾಕಪ್ಪಿನಲ್ಲಿದ್ದ.

ಇವತ್ತು ಸಂಜೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಾರೆ. ಅಲ್ಲಿಂದ ಜೈಲು. ಬಿಳಿಗಿರಿರಂಗನ ಬೆಟ್ಟದ ಪೋಡು ಎನ್ನುವ ಸೋಲಿಗರ ಹಟ್ಟಿಯಿಂದ ಇಳಿದು ಬಂದ ಒಬ್ಬ ಕೂಲಿಯವನಿಗೆ ಜಾಮೀನು ನಿಲ್ಲಲು ಈ ಊರಿನಲ್ಲಿ ಯಾರಿದ್ದಾರೆ? ಒಳಗೆ ಹೋದವನು ಯಾವಾಗ ಹೊರಗೆ ಬರುತ್ತಾನೆ ಎಂದು ಕೇಳುವವರಾದರೂ ಯಾರು? ಅವನ ಹೆಂಡತಿ ದೊಡ್ಡತಾಯಮ್ಮ ನಿನ್ನೆ ರಾತ್ರಿಯಿಂದ ಠಾಣೆಯ ಎದುರಿನ ಬೇವಿನ ಮರದ ಕೆಳಗೆ ಕುಳಿತಿದ್ದಳು. ಶಂಕರಮ್ಮನ ಬಳಿ ಅವಳು ಹೇಳಿದ್ದು ಒಂದೇ ಮಾತು: "ಅವ್ರು ತಗಡಿಗೆ ಒಡ್ದು ಸದ್ದು ಮಾಡಿ ಮಂಗ ಓಡುಸ್ತಾರೆ ಕಣವ್ವ. ಇದುವರ್ಗೂ ಒಂದು ಅಳಿಲಿಗೂ ಒಡ್ದಿಲ್ಲ."

ಶಂಕರಮ್ಮನಿಗೆ ಸಿಟ್ಟು ಬಂದದ್ದು ಆ ಮಾತಿಗಲ್ಲ. ಅಂಜನಾಳ ಅಜ್ಜಿ ಚಿಕ್ಕತಾಯಮ್ಮನ ಮಾತನ್ನು ಪೊಲೀಸರು ಕಿವಿಗೇ ಹಾಕಿಕೊಳ್ಳದೆ ಹೋದದ್ದಕ್ಕೆ. ಆ ಹೊತ್ತಿನಲ್ಲಿ ಅಜ್ಜಿ ತೋಟದ ಗೋಡೆಯ ಬುಡದಲ್ಲೇ ಒಲೆ ಹೂಡಿ ಹಾಸಿನ ನೂಲಿಗೆ ಬಳಿಯುವ ಗಂಜಿ ಕಾಯಿಸುತ್ತಿದ್ದಳು. ಪಟಾಕಿ ಸಿಡಿದ ಹಾಗೆ ಢಂ ಎಂದಿತು, ಹಿಂದೆಯೇ ಗೋಡೆಯಾಚೆಯಿಂದ ಸುಟ್ಟ ಹರಳೆಣ್ಣೆಯ ವಾಸನೆ ಬಂತು ಎಂದು ಅವಳು ನೂರು ಸಲ ಹೇಳಿದ್ದಳು. ಜಡಯ್ಯನ ಕೋವಿಯ ಸದ್ದು ಆ ಬೀದಿಗೆಲ್ಲ ಗೊತ್ತು. ಸ್ಪ್ರಿಂಗ್ ಸೋತು ಅದು ಟಪ್ ಎನ್ನುವುದನ್ನು ಕೇಳಿ ಮಕ್ಕಳು ನಗುತ್ತಿದ್ದವು.

ನಿನ್ನೆ ಶಂಕರಮ್ಮ ಇದನ್ನು ಹೇಳಲು ಠಾಣೆಗೆ ಹೋದಾಗ ಸಬ್ ಇನ್‌ಸ್ಪೆಕ್ಟರ್ ನಿರಂಜನ್ ನಕ್ಕಿದ್ದ. ಮುದುಕಿಯ ಮೂಗನ್ನು ಕೋರ್ಟಿಗೆ ಸಾಕ್ಷಿಯಾಗಿ ಒಯ್ಯಲೇ ಎಂದಿದ್ದ. ಠಾಣೆಯ ಆಯುಧ ಪೂಜೆಯಲ್ಲಿ ಕಾಯಿ ಒಡೆಯುವಾಗ ಚಿಪ್ಪು ಸಿಡಿದು ಹುಬ್ಬಿನ ಮೇಲೆ ಗಾಯವಾಗಿದೆ, ನಿದ್ದೆಯೇ ಇಲ್ಲ ಎಂದು ಬಿಳಿ ಪಟ್ಟಿ ತೋರಿಸಿ ತನ್ನ ಕಷ್ಟವನ್ನೇ ಹೇಳಿಕೊಂಡಿದ್ದ. ಕಣ್ಣು ಕಳೆದುಕೊಂಡ ಹುಡುಗಿ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಳೆ, ಇವನಿಗೆ ಹುಬ್ಬಿನ ಚಿಂತೆ. ಶಂಕರಮ್ಮ ಹಲ್ಲು ಕಚ್ಚಿಕೊಂಡು ಎದ್ದು ಬಂದಿದ್ದಳು.

ಅದಕ್ಕೇ ಇವತ್ತು ಹನೂರು ರಸ್ತೆಯ ಈ ಪಾಳು ಕಲ್ಲುಕ್ವಾರಿ. ಅವಳ ಅಣ್ಣನ ಮಗ ಪುಟ್ಟಮಾದಪ್ಪ ಹನೂರಿನಲ್ಲಿ ಔಷಧಿ ಸಿಂಪಡಿಸುವ ಪಂಪು, ಪೈಪು, ಮಂಗ ಓಡಿಸುವ ಏರ್ ಗನ್ನು ಎಲ್ಲ ಮಾರುವ ಅಂಗಡಿ ಇಟ್ಟಿದ್ದ. ಅವನೇ ಸ್ಕೂಟರಿನಲ್ಲಿ ಹೊಚ್ಚ ಹೊಸ ಕೋವಿಯೊಂದನ್ನು ತಂದಿದ್ದ. ಹಬ್ಬದಲ್ಲಿ ಜನ ಮಾಡುವ ಹಾಗೆಯೇ ಶಂಕರಮ್ಮ ಅದರ ಹೊಟ್ಟೆಗೆ ನಾಲ್ಕು ತೊಟ್ಟು ಹರಳೆಣ್ಣೆ ಬಿಟ್ಟಿದ್ದಳು. ಪುಟ್ಟಮಾದಪ್ಪ ಬೇಡ ಬೇಡ ಎಂದರೂ ಕೇಳಿರಲಿಲ್ಲ.

"ಗಾಡಿ ಅಚ್ಚಿಗೆ ಬುಟ್ಟಂಗೆ ಬುಡ್ತಾರೆ ಅತ್ತೆ, ಎಲ್ರೂ. ಒಳಗೆ ಕಂಪ್ನಿಯೋರ ಗ್ರೀಸ್ ಮೊದ್ಲೇ ಇರ್ತದೆ. ಗಾಳಿ ಒಂದೇ ಏಟ್ಗೆ ಒತ್ತುದ್ರೆ ಕಾದು ಎಣ್ಣೆ ಅತ್ಕತದೆ. ಢಂ ಅಂತದೆ, ಒಗೆ ಬತ್ತದೆ, ಗುಂಡು ಮಾತು ಕೇಳಲ್ಲ" ಎಂದ ಪುಟ್ಟಮಾದಪ್ಪ.

"ಯಾವಾಗ್ಲಾ ಕೇಳದು?"

"ಒಂದೆರಡು ಡಬ್ಬಿ ಗುಂಡು ಮಣ್ಣಿಗೆ ಒಡ್ದು ಪಳಗಿಸ್ಬೇಕು. ಓರಿ ಕರ ನೊಗಕ್ಕೆ ಕಟ್ಟಿದ್ ದಿನ್ವೇ ನೇಗ್ಲು ಎಳೀತದಾ?"

ಹಾಗಾದರೆ ಪಟಾಕಿಯ ಸದ್ದು, ಎಣ್ಣೆಯ ಹೊಗೆ, ದಿಕ್ಕು ತಪ್ಪುವ ಗುಂಡು ಮೂರೂ ಹೊಸ ಕೋವಿಯ ಲಕ್ಷಣ. ವರ್ಷಗಟ್ಟಲೆ ಸವೆದ ಜಡಯ್ಯನ ಕೋವಿಯಲ್ಲಿ ಸುಡಲು ಎಣ್ಣೆ ಎಲ್ಲಿ, ಸಿಡಿಯಲು ಶಕ್ತಿ ಎಲ್ಲಿ?

ಶಿವನಂಜಯ್ಯ ಕಡ್ಲೆಕಾಯಿ ಸಿಪ್ಪೆ ಕೊಡವಿ ಎದ್ದ. ತನಗೂ ಒಂದು ಕೊಡು ಎಂದ. ಗುಂಡು ತುಂಬಲು ನಳಿಗೆಯನ್ನು ಮಡಚಿ ಎಳೆಯುವುದಕ್ಕೆ ಎರಡೂ ಕೈಯ ಬಲ ಹಾಕಬೇಕಾಯಿತು. ಕೋವಿಯ ಮೇಲೆ ಕೂರಿಸಿದ್ದ ಗುರಿ ನೋಡುವ ದುರ್ಬೀನಿಗೆ ಕಣ್ಣು ಅಂಟಿಸಿಕೊಂಡು ನಿಂತ. ಅಷ್ಟು ಹತ್ತಿರ ಬೇಡ ಮಾವ ಎಂದು ಪುಟ್ಟಮಾದಪ್ಪ ಅನ್ನುವಷ್ಟರಲ್ಲಿ ಕೋವಿಯ ಕುದುರೆ ಎಳೆದೇಬಿಟ್ಟ.

ಢಂ ಎಂದಿತು. ಕೋವಿ ಹಿಂದಕ್ಕೆ ಒದ್ದು, ಬಿಗಿಯದೆ ಬಿಟ್ಟಿದ್ದ ದುರ್ಬೀನು ಜಾರಿ ಬಂದು ಹುಬ್ಬಿಗೆ ಬಡಿಯಿತು. ಶಿವನಂಜಯ್ಯ ಹಣೆ ಹಿಡಿದು ಅಲ್ಲೇ ಕುಕ್ಕರಿಸಿದ.

"ಈಗ ತಗಡಿಗೆ ಬಿತ್ತಾ ನೋಡ್ರಿ" ಎಂದಳು ಶಂಕರಮ್ಮ. ಆದರೆ ಸೆರಗಿನಿಂದ ರಕ್ತ ಒರೆಸಿದವಳೂ ಅವಳೇ. ಬಲ ಹುಬ್ಬಿನ ಮೇಲೆ ಬಿದಿಗೆ ಚಂದ್ರನ ಹಾಗೆ ಬಾಗಿದ ಗಾಯ. ದುರ್ಬೀನಿನ ಅಂಚು ಅಚ್ಚೊತ್ತಿದಂತೆ ಕೂತಿತ್ತು. ಹತ್ತಿರದ ಮನೆಯೊಂದರಲ್ಲಿ ಅರಿಸಿನ ಇಸಿದುಕೊಂಡು ಮೆತ್ತಿದರು.

ಹೊರಡುವಾಗ ಅವಳು ಕೇಳಬೇಕಾದ್ದನ್ನು ಕೇಳಿದಳು. ಹಬ್ಬಕ್ಕೆ ಮುಂಚೆ ಕೊಳ್ಳೇಗಾಲದವರು ಯಾರಾದರೂ ಇಂಥದ್ದೇ ಕೋವಿ ಒಯ್ದರೇ?

ಪುಟ್ಟಮಾದಪ್ಪ ಸ್ಕೂಟರಿನ ಕನ್ನಡಿ ಒರೆಸುತ್ತ ಹೇಳಿದ. ಒಯ್ದದ್ದು ರೇಷ್ಮೆ ಸೀರೆ ಮಳಿಗೆಯ ಹರ್ಷವರ್ಧನ್. ಸಪೋಟ ತೋಟದ ಯಜಮಾನ. ಕಾರಿನಿಂದ ಅವನು ಇಳಿಯಲೇ ಇಲ್ಲ, ಡ್ರೈವರ್ ಬಂದು ತೆಗೆದುಕೊಂಡ. ಆಯುಧ ಪೂಜೆಗೆ ಇಟ್ಟು, ದಶಮಿ ದಿನ ನಿಂಬೆಹಣ್ಣಿಗೆ ಹೊಡೆದು ಶುರು ಮಾಡುತ್ತಾರಂತೆ ಎಂದು ಡ್ರೈವರ್ ಹೇಳಿದ್ದ.

ಶಂಕರಮ್ಮನ ಕೈ ಸ್ಕೂಟರಿನ ಸೀಟಿನ ಮೇಲೆ ಹಾಗೇ ನಿಂತಿತು. ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಾರೆ. ಹೊಸ ಕೋವಿಗೆ ಇವರು ನಿಂಬೆಹಣ್ಣು ಕಟ್ಟಿದ್ದಾರೆ.

*

ದೊಡ್ಡತಾಯಮ್ಮನ ಗುಡಿಸಲು ತೋಟದ ಒಳಗೇ ಇತ್ತು. ಇವತ್ತೇ ಖಾಲಿ ಮಾಡಬೇಕೆಂದು ಯಜಮಾನರ ಕಡೆಯಿಂದ ಹೇಳಿ ಕಳಿಸಿದ್ದರು. ಪಾತ್ರೆ ಪಡಗ ತೆಗೆಯುವ ನೆಪದಲ್ಲಿ ಅವಳೇ ಹಿಂದಿನ ಬಾಗಿಲು ತೆರೆದು ಶಂಕರಮ್ಮ ದಂಪತಿಯನ್ನು ಕರೆದುಕೊಂಡು ಹೋದಳು.

ದಶಮಿಯ ಬೆಳಗ್ಗೆ ಜಡಯ್ಯನನ್ನು ತೋಟದ ಆ ತುದಿಗೆ, ಕೆರೆಯ ಕಡೆಯ ಗೇಟಿಗೆ ಕಳಿಸಿದ್ದರಂತೆ. ಯಾರೋ ದೊಡ್ಡವರು ಬರುತ್ತಾರೆ, ಕರೆಯುವವರೆಗೆ ಈ ಕಡೆ ತಲೆ ಹಾಕಬೇಡ ಎಂದಿದ್ದರಂತೆ. ಬಂದವರ ಮುಖ ಅವನೂ ನೋಡಲಿಲ್ಲ, ಇವಳೂ ನೋಡಲಿಲ್ಲ.

ನೇಕಾರರ ಬೀದಿಯ ಗೋಡೆಯ ಮುಂದೆ ನೆಲ ಚೆನ್ನಾಗಿ ಗುಡಿಸಿತ್ತು. ಅಷ್ಟು ಚೆನ್ನಾಗಿ ತೋಟ ಯಾರೂ ಗುಡಿಸುವುದಿಲ್ಲ. ಹೂವಿನ ಎಸಳೂ ಇಲ್ಲ, ಊದುಬತ್ತಿಯ ಕಡ್ಡಿಯೂ ಇಲ್ಲ.

ಆದರೆ ಗೋಡೆಯತ್ತ ಚಾಚಿದ ಒಂದು ಕೊಂಬೆಯಲ್ಲಿ, ಆಳೆತ್ತರದಲ್ಲಿ, ಕೆಂಪು ರೇಷ್ಮೆ ದಾರದ ತುದಿಗೆ ನಿಂಬೆಹಣ್ಣು ತೂಗುತ್ತಲೇ ಇತ್ತು. ಅದರ ಮೇಲೆ ಒಣಗಿದ ಕುಂಕುಮ.

ಎಲ್ಲವನ್ನೂ ಗುಡಿಸಿದವರು ಇದನ್ನು ಮಾತ್ರ ಬಿಟ್ಟಿದ್ದರು. ಶಂಕರಮ್ಮನಿಗೆ ನಗು ಬರುವಷ್ಟು ಸಿಟ್ಟು ಬಂತು. ಪೂಜೆ ಮಾಡಿ ಕಟ್ಟಿದ ನಿಂಬೆಹಣ್ಣನ್ನು ಯಾವ ಆಳು ಮುಟ್ಟುತ್ತಾನೆ? ಮಹಜರಿಗೆ ಬಂದ ಪೊಲೀಸರೂ ಅದನ್ನು ಸುತ್ತು ಹಾಕಿಯೇ ದಾಟಿರಬೇಕು. ಹುಡುಗಿಯ ಕಣ್ಣು ಹೋದದ್ದಕ್ಕೆ ಹೆದರದವರು ಒಂದು ನಿಂಬೆಹಣ್ಣಿಗೆ ಹೆದರಿದ್ದರು.

ಅವಳು ಕೈ ಚಾಚಿದಾಗ ಶಿವನಂಜಯ್ಯ ಹಿಂದೆ ಸರಿದ. "ಮುಟ್ಬ್ಯಾಡ ಕಣೆ. ಯಾರ್ ದೃಷ್ಟಿ ಯಾರ್ಗೋ."

"ದೃಷ್ಟಿ ಓಗಿರದು ಅಂಜ್ನಂದು" ಎಂದು ಅವಳು ದಾರ ಕಿತ್ತಳು.

ಹಣ್ಣಿನ ಒಂದು ಪಕ್ಕದ ಸಿಪ್ಪೆ ಸೀಳಿತ್ತು. ಸೀಳಿನ ಉದ್ದಕ್ಕೂ ಸೀಸದ ಬೂದು ಗೀರು. ಗುಂಡು ಹಣ್ಣನ್ನು ಸವರಿ ಮೇಲಕ್ಕೆ ಚಿಮ್ಮಿ ಗೋಡೆ ದಾಟಿದೆ. ಆಚೆ ಕಡೆ, ಇದೇ ನೇರಕ್ಕೆ, ಅಂಜನಾ ಹಾಸಿನ ಎಳೆಗಳ ಮೇಲೆ ಕಣ್ಣಿಟ್ಟು ನಿಂತಿದ್ದಳು. ದಶಮಿ ಒಳ್ಳೆಯ ದಿನವೆಂದು ಅವಳು ಹೊಸ ಹಾಸು ಎಳೆದಳು. ಅದೇ ಒಳ್ಳೆಯ ದಿನವೆಂದು ಇವರು ಹೊಸ ಕೋವಿ ಎತ್ತಿದರು.

ಶಿವನಂಜಯ್ಯ ಫೋನಿನಲ್ಲಿ ಫೋಟೋ ತೆಗೆದ. ಫೋಟೋದಲ್ಲಿ ಅದು ಯಾವ ಮರದ ಯಾವ ನಿಂಬೆಹಣ್ಣಾದರೂ ಆಗಬಹುದಿತ್ತು. ಆ ಗೀರಿನ ಸೀಸಕ್ಕೂ ಅಂಜನಾಳ ಕಣ್ಣಿನಿಂದ ತೆಗೆದ ಗುಂಡಿಗೂ ತಾಳೆ ನೋಡಬೇಕಾದರೆ ಹಣ್ಣೇ ಬೇಕು. ಶಂಕರಮ್ಮ ಅದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಇಳಿಸಿದಳು.

*

ಹರ್ಷವರ್ಧನನ ಮನೆಯಲ್ಲಿ ಕಾಫಿ ಬಂತು. ಆಳಿನ ಕೈಯಿಂದ ಲೋಟ ತೆಗೆದು ಅವನೇ ಕೊಟ್ಟ, ಎಡಗೈಯಲ್ಲಿ.

ಶಂಕರಮ್ಮ ಲೋಟ ಮುಟ್ಟಲಿಲ್ಲ. ತಾಯಿಯ ವಯಸ್ಸಿನವಳಿಗೆ ಎಡಗೈಯಲ್ಲಿ ಕೊಡುವಷ್ಟು ಸೊಕ್ಕೇ ಎಂದುಕೊಂಡಳು. ಅವನ ಬಲಗೈ ಹೊದ್ದಿದ್ದ ರೇಷ್ಮೆ ಶಾಲಿನೊಳಗೆ ಇತ್ತು.

ಹೊಸ ಕೋವಿಯ ಮಾತು ಎತ್ತಿದಾಗ ಅವನು ಮೆತ್ತಗೆ ನಕ್ಕ. ತನ್ನ ಬಳಿ ಇದ್ದದ್ದು ಹಳೆಯದೊಂದೇ, ಅದನ್ನು ನಂಬಿ ಜಡಯ್ಯನ ಕೈಗೆ ಕೊಟ್ಟದ್ದೇ ತಪ್ಪಾಯಿತು ಎಂದ. ಅಂಜನಾ ತಮ್ಮ ಮಳಿಗೆಗೇ ಸೀರೆ ನೇಯುವ ಹುಡುಗಿ, ಆಸ್ಪತ್ರೆಗೆ ಹಣ್ಣು ಹಂಪಲು ತೆಗೆದುಕೊಂಡು ನಿನ್ನೆ ತಾನೇ ಹೋಗಿ ಬಂದೆ ಎಂದೂ ಹೇಳಿದ.

"ಕಣ್ಣು ತಗದೋರು ಅಣ್ಣು ಕೊಟ್ಟು ಬಂದ್ರೆ ಸರಿಯೋಯ್ತಾ ಅಪ್ಪ?"

"ಮಾತು ನೋಡಿ ಆಡಿ ಶಂಕರಮ್ಮನವರೇ."

ಅವಳು ಚೀಲದಿಂದ ಕರವಸ್ತ್ರ ತೆಗೆದು ಟೀಪಾಯಿಯ ಮೇಲೆ ಬಿಚ್ಚಿದಳು. ನಿಂಬೆಹಣ್ಣು ಕಂಡದ್ದೇ ಹರ್ಷವರ್ಧನ್ ಎರಡೂ ಕಾಲು ಹಿಂದಕ್ಕೆ ಎಳೆದುಕೊಂಡ.

"ಇದನ್ಯಾಕೆ ಮನೆ ಒಳಗೆ ತಂದ್ರಿ?"

"ನಿಮ್ಮ ತೋಟದ್ದೇ."

"ತೋಟ ಅಂದ್ಮೇಲೆ ದೃಷ್ಟಿಗೆ ಅಂತ ಕಟ್ಟಿರ್ತಾರೆ."

"ದೃಷ್ಟಿಗೆ ಅಂದ್ರೆ ಬಾಗ್ಲಿಗೆ ಕಟ್ತಾರೆ, ಮೆಣಸಿನಕಾಯಿ ಜೊತೆಲಿ. ಗೋಡೆ ಮುಂದ್ಲ ಕೊಂಬೆಗೆ, ಗುರಿ ಇಟ್ಟಂಗೆ, ಒಂಟಿ ಅಣ್ಣು ಯಾರೂ ಕಟ್ಟಲ್ಲ. ಅನೂರಿಂದ ಕೋವಿ ತಂದ್ರಿ. ಅರಳೆಣ್ಣೆ ಬುಟ್ರಿ, ಪೂಜೆ ಮಾಡುದ್ರಿ. ಪಳಗುಸ್ದೇ ಇರೋ ಕೋವಿನ ಜನ ಓಡಾಡೋ ಬೀದಿ ಕಡೆ ತಿರುಗ್ಸಿ ಒಡುದ್ರಿ. ತಪ್ಪು ಆಗೋಯ್ತು ಅಂತ ಆ ಮಗೀನ ಕಾಲು ಇಡ್ಕಂಡಿದ್ರೆ ನಾನು ಈ ಮನೆ ಮೆಟ್ಲು ಅತ್ತಿರ್ಲಿಲ್ಲ. ಅನ್ನ ಆಕಿದ್ದ ಆಳನ್ನೇ ಇಡ್ಕೊಟ್ರಲ್ಲ, ಅದಕ್ಕೆ ಬಂದೆ."

ಅವಳ ದನಿ ಏರಿರಲಿಲ್ಲ. ಆದರೆ ಮೊಳಕಾಲು ತಾಗಿ ಟೀಪಾಯಿ ಅಲುಗಿತು. ನಿಂಬೆಹಣ್ಣು ಉರುಳಿ ಅಂಚಿಗೆ ಬಂತು. ಅದು ಮನೆಯ ನೆಲಕ್ಕೆ ಬೀಳುತ್ತದೆಂಬ ಭಯದಲ್ಲಿ ಹರ್ಷವರ್ಧನ್ ತಟ್ಟನೆ ಬಲಗೈ ಚಾಚಿದ.

ಶಾಲು ಜಾರಿತು. ಮೊಣಕೈಯಿಂದ ಬೆರಳಿನ ಬುಡದವರೆಗೆ ಬಿಳಿ ಪ್ಲಾಸ್ಟರ್.

ಶಂಕರಮ್ಮ ನಿಂಬೆಹಣ್ಣನ್ನು ತಾನೇ ಹಿಡಿದಳು. ಕಣ್ಣು ಮಾತ್ರ ಆ ಕೈಯ ಮೇಲೇ ಇತ್ತು. ಕಾರಿನಿಂದ ಇಳಿಯದ ಯಜಮಾನ. ಎಡಗೈಯ ಕಾಫಿ. ಬೆಳಗ್ಗೆ ನಳಿಗೆ ಮಡಚಲು ಗಂಡ ಎರಡೂ ಕೈ ಹಾಕಿ ತಿಣುಕಿದ್ದು ನೆನಪಾಯಿತು.

"ಯಾವಾಗ ಮುರುದದ್ದು?"

"ಹಬ್ಬಕ್ಕೆ ಮುಂಚೇನೇ. ಬೈಕಿನಿಂದ ಬಿದ್ದೆ. ಈಗ ಗೊತ್ತಾಯ್ತಲ್ಲ? ಈ ಕೈಯಲ್ಲಿ ಆ ಗನ್ ಎತ್ತೋಕೂ ಆಗಲ್ಲ. ಮೊದಲ ಗುಂಡು ಕೈಗುಣ ಇರೋರ ಹತ್ರ ಹೊಡೆಸಿದರೆ ಒಳ್ಳೇದು ಅಂತ ನಾನು..."

ಅಲ್ಲಿಗೆ ನಿಂತ. ಇಲ್ಲವೆಂದಿದ್ದ ಹೊಸ ಕೋವಿ ಅವನ ಬಾಯಿಂದಲೇ ಹೊರಗೆ ಬಿದ್ದಿತ್ತು.

ಕೆಲವರು ಮುಟ್ಟಿದರೆ ಬೀಜ ಮೊಳೆಯುತ್ತದೆ, ಅಂಗಡಿ ನಡೆಯುತ್ತದೆ ಎಂದು ಈ ಸೀಮೆಯ ಜನ ಯಾವುದಕ್ಕೂ ಕೈಗುಣದವರನ್ನು ಕರೆಯುತ್ತಾರೆ. ಕೋವಿಗೂ ಒಬ್ಬರನ್ನು ಕರೆದಿದ್ದರು.

"ಯಾರ್ನ ಕರುದ್ರಿ?"

ಹರ್ಷವರ್ಧನ್ ಶಾಲು ಎಳೆದುಕೊಂಡು ಎದ್ದು ನಿಂತ. ಅವನ ಮುಖದಲ್ಲಿ ಸೊಕ್ಕು ಉಳಿದಿರಲಿಲ್ಲ. "ಹೆಸರು ಕೇಳಬೇಡಿ. ಕೇಳಿದ ಮೇಲೆ ನೀವು ಯಾರ ಹತ್ರನೂ ಹೋಗೋಕಾಗಲ್ಲ."

*

ಯಾರೋ ಪುಢಾರಿ ಇರಬೇಕು ಎಂದ ಶಿವನಂಜಯ್ಯ, ದಾರಿಯಲ್ಲಿ. ಶಂಕರಮ್ಮನಿಗೂ ಹಾಗೇ ಅನಿಸಿತು. ಯಾರಾದರೂ ಇರಲಿ, ಮೊದಲು ಜಡಯ್ಯ ಜೈಲಿನ ಬಾಗಿಲು ದಾಟಬಾರದು. ಅದನ್ನು ತಡೆಯಬಲ್ಲವನು ಒಬ್ಬನೇ. ಸಬ್ ಇನ್‌ಸ್ಪೆಕ್ಟರನನ್ನು ಅವಳು ದಡ್ಡ ಎಂದುಕೊಂಡಿದ್ದಳು, ಸೋಮಾರಿ ಎಂದುಕೊಂಡಿದ್ದಳು. ಸಾಕ್ಷಿ ಕಣ್ಣ ಮುಂದೆ ಇಟ್ಟರೆ ದಡ್ಡನಿಗೂ ಕಾಣುತ್ತದೆ.

ಠಾಣೆಯ ಬೇವಿನ ಮರದ ಕೆಳಗೆ ದೊಡ್ಡತಾಯಮ್ಮ ಮತ್ತೆ ಬಂದು ಕುಳಿತಿದ್ದಳು. ಈಗ ಅವಳ ಪಕ್ಕದಲ್ಲಿ ಪಾತ್ರೆಯ ಗಂಟೂ ಇತ್ತು.

ನಿರಂಜನ್ ಇವತ್ತು ನಗಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡ. ಕರವಸ್ತ್ರ ಬಿಚ್ಚಿ ಹಣ್ಣಿನ ಗೀರನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಇದು ಒಳ್ಳೆಯ ಸಾಕ್ಷಿ, ಪ್ರಯೋಗಾಲಯಕ್ಕೆ ತಾನೇ ಕಳಿಸುತ್ತೇನೆ ಎಂದು ಮೇಜಿನ ಖಾನೆಗೆ ಹಾಕಿದ. ಶಂಕರಮ್ಮನಿಗೆ ನಿನ್ನೆಯ ಸಿಟ್ಟಿಗೆ ನಾಚಿಕೆಯಾಗುವಷ್ಟು ವಿನಯ.

ಫ್ಯಾನ್ ನಿಂತಿತ್ತು. ಅವನು ಟೋಪಿ ತೆಗೆದು ಬೆವರು ಒರೆಸಿಕೊಳ್ಳುತ್ತ ಶಿವನಂಜಯ್ಯನತ್ತ ತಿರುಗಿ, ಹಣೆಗೆ ಏನಾಯಿತು ಎಂದು ಕೇಳಿದ.

"ಒಸಾ ಕೋವಿ ಒದೀತು ಸಾ" ಎಂದ ಶಿವನಂಜಯ್ಯ, ನಾಚಿಕೊಂಡು. "ಮ್ಯಾಲ್ಗಡೆ ದುರ್ಬೀನು ಬಂದು ಬಡೀತು. ಪಳಗದ ಕೋವಿ ನೋಡಿ, ಯಾರೇ ಕಣ್ಣಿಟ್ರೂ ಇಂಗೇ ಮುದ್ರೆ ಒತ್ತದೆ."

ನಿರಂಜನನ ಕೈ ಬೆವರು ಒರೆಸುವುದನ್ನು ಬಿಟ್ಟು ತನ್ನ ಬಲ ಹುಬ್ಬಿಗೆ ಹೋಯಿತು.

ಬೆವರಿಗೆ ಬಿಳಿ ಪಟ್ಟಿಯ ಅಂಟು ಬಿಟ್ಟು ಒಂದು ತುದಿ ಸುರುಳಿಯಾಗಿತ್ತು. ಅದರ ಕೆಳಗೆ ಬಿದಿಗೆ ಚಂದ್ರನ ಹಾಗೆ ಬಾಗಿದ ಗಾಯ. ಮೇಜಿನ ಈಚೆ ಅರಿಸಿನ ಮೆತ್ತಿದ್ದು ಒಂದು, ಆಚೆ ಅದೇ ಅಳತೆಯದು ಇನ್ನೊಂದು. ತೆಂಗಿನ ಚಿಪ್ಪು ಅಷ್ಟು ದುಂಡಗೆ ಕೊಯ್ಯುವುದಿಲ್ಲ.

ಶಂಕರಮ್ಮನ ಕಣ್ಣು ಆ ಹುಬ್ಬಿನಿಂದ ಖಾನೆಗೆ ಇಳಿಯಿತು. ನಿರಂಜನ್ ಅದನ್ನು ನೋಡಿದ. ಅವಸರವಿಲ್ಲದೆ ಬೀಗದ ಕೈ ತಿರುಗಿಸಿ ಜೇಬಿಗೆ ಹಾಕಿಕೊಂಡ. ಅಂಟು ಬಿಟ್ಟ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ.

"ಜೀಪ್ ತೆಗೀರಿ" ಎಂದ ಬಾಗಿಲಿನತ್ತ. "ಸಂಜೆವರೆಗೂ ಯಾಕೆ? ಜಡಯ್ಯನ್ನ ಈಗಲೇ ಕರ್ಕೊಂಡು ಹೋಗೋಣ."

ಹೊರಗೆ ಇಂಜಿನ್ ಗುರ್ರೆಂದಿತು. ಬೇವಿನ ಮರದ ಕೆಳಗಿಂದ ದೊಡ್ಡತಾಯಮ್ಮ ಗಂಟು ಬಿಟ್ಟು ಎದ್ದು ಓಡಿ ಬಂದಳು.